ಕರೆಂಟ್ ಹೋಯಿತು, ಬರೆದದ್ದು ಹೋಗಿಲ್ಲ



ಕಂಪ್ಯೂಟರಿನ ಮುಂದೆ ಎರಡು ಮೂರು ತಾಸು ಕುಳಿತು ಬರೆದದ್ದು ಒಂದೇ ಕ್ಷಣದಲ್ಲಿ ಮಾಯವಾದರೆ ಏನು ಮಾಡಬೇಕು? ಈ ಸಲ ಅದನ್ನೇ ಮಾತಾಡೋಣ. "ಇದೆಲ್ಲ ಗಂಡುಹುಡುಗರ ವಿಷಯ, ನಮಗೇಕೆ?" ಎಂದು ಪುಟ ತಿರುವಬೇಡಿ. ನಿಮ್ಮ ಮನೆಯಲ್ಲಿ ಬಿ.ಎಡ್. ಓದುವ ಮಗಳಿರಬಹುದು. ಅವಳು ಪಾಠ ಯೋಜನೆ ಟೈಪ್ ಮಾಡುತ್ತಾಳೆ. ಸ್ವಸಹಾಯ ಸಂಘದ ನಡಾವಳಿ ಬರೆಯುವ ಸೊಸೆ ಇರಬಹುದು. ಮನೆಯಲ್ಲೇ ಟೈಪಿಂಗ್ ಮಾಡಿ ನಾಲ್ಕು ಕಾಸು ದುಡಿಯುವ ನಾದಿನಿ ಇರಬಹುದು. ಈ ಪತ್ರಿಕೆಗೇ ಕಥೆ ಬರೆದು ಕಳಿಸುವ ಸಹೋದರಿಯರೂ ಈಗ ಕಾಗದ, ಪೆನ್ನು ಬಿಟ್ಟು ಕೀಲಿಮಣೆಗೆ ಬಂದಿದ್ದಾರೆ.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಸಿಗುವುದು ಯಾವಾಗ ಎಂದು ಯೋಚಿಸಿ ನೋಡಿ. ಮಗನ ಪ್ರಾಜೆಕ್ಟ್ ಮುಗಿಯಬೇಕು, ಯಜಮಾನರ ಅಂಗಡಿ ಲೆಕ್ಕ ಮುಗಿಯಬೇಕು. ಇಶಾ ನಮಾಝ್ ಆಗಿ, ಪಾತ್ರೆ ತೊಳೆದು, ಮಗುವನ್ನು ಮಲಗಿಸಿದ ಮೇಲೆ ಅವಳ ಸರದಿ. ಆಗಲೂ ಕಿವಿ ತೊಟ್ಟಿಲ ಕಡೆಗೇ ಇರುತ್ತದೆ. ಅತ್ತ ಮಗು ಅತ್ತರೆ ಇತ್ತ ಎದ್ದು ಓಡುತ್ತಾಳೆ, ಫೈಲಿಗೆ ಇನ್ನೂ ಹೆಸರನ್ನೂ ಇಟ್ಟಿರುವುದಿಲ್ಲ. ಅಷ್ಟರಲ್ಲಿ ತಮ್ಮ ಬಂದು ಏನೋ ನೋಡಬೇಕೆಂದು ಎಲ್ಲ ಮುಚ್ಚಿ ಹಾಕುತ್ತಾನೆ. ಇಲ್ಲವೇ ಕರೆಂಟ್ ಹೋಗುತ್ತದೆ. ಆಮೇಲೆ ಎಲ್ಲರೂ ಹೇಳುವ ಮಾತು ಒಂದೇ: "ಹೋದರೆ ಹೋಯಿತು ಬಿಡು, ಮತ್ತೆ ಬರೆದರಾಯಿತು." ಅಂಗಡಿಯ ಲೆಕ್ಕ ಹೋಗಿದ್ದರೆ ಇದೇ ಮಾತು ಹೇಳುತ್ತಿದ್ದರೇ? ಆ ರಾತ್ರಿಯೇ ಯಾರನ್ನಾದರೂ ಕರೆಸಿ ಹುಡುಕಿಸುತ್ತಿದ್ದರು.

ನಮ್ಮ ರಾಯಚೂರಿನವರಿಗೆ ಕರೆಂಟಿನ ವಿಷಯ ಹೇಳಿಕೊಡಬೇಕಾಗಿಲ್ಲ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಈಗ ಅಲ್ಲಿ 8 ಘಟಕಗಳಿವೆ, ಎಲ್ಲ ಸೇರಿ 1720 ಮೆಗಾವ್ಯಾಟ್. ಚಿಮಣಿಯ ಹೊಗೆ ನಮ್ಮ ಪಾಲಿಗೆ, ಬೆಳಕು ನಾಡಿನ ಪಾಲಿಗೆ. ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬೇಸಿಗೆಯಲ್ಲಂತೂ ದೇವದುರ್ಗ, ಮಾನ್ವಿಯ ಕಡೆ ಫ್ಯಾನ್ ತಿರುಗುತ್ತಿದ್ದರೂ ಮನಸ್ಸು ಯಾವಾಗ ನಿಲ್ಲುತ್ತದೋ ಎಂದೇ ಕಾಯುತ್ತಿರುತ್ತದೆ.

ಕರೆಂಟ್ ಹೋದಾಗ ಒಳಗೆ ಏನಾಗುತ್ತದೆ ಎಂದು ತಿಳಿದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಪರದೆಯ ಮೇಲೆ ನೀವು ಬರೆಯುತ್ತಿರುವುದು ಇನ್ನೂ ಬಾಣಲೆಯಲ್ಲಿದೆ, ಡಬ್ಬಿಗೆ ತುಂಬಿಲ್ಲ. ಕಂಪ್ಯೂಟರಿಗೆ ಎರಡು ಬಗೆಯ ನೆನಪುಗಳಿವೆ. ಒಂದು, ಕರೆಂಟ್ ಇರುವತನಕ ಮಾತ್ರ ಇರುವ ನೆನಪು. ಇನ್ನೊಂದು, ಕರೆಂಟ್ ಹೋದರೂ ಉಳಿಯುವ ಡಿಸ್ಕ್. ಸೇವ್ ಮಾಡುವುದೆಂದರೆ ಮೊದಲನೆಯದರಿಂದ ಎರಡನೆಯದಕ್ಕೆ ತೆಗೆದಿಡುವುದು. ಇದು ಎಲ್ಲರಿಗೂ ಗೊತ್ತು. ಎಷ್ಟೋ ಜನರಿಗೆ ಗೊತ್ತಿಲ್ಲದ್ದು ಇಷ್ಟು: ನೀವು ಸೇವ್ ಮಾಡದಿದ್ದರೂ ಮೈಕ್ರೋಸಾಫ್ಟ್ ವರ್ಡ್ ತನ್ನಷ್ಟಕ್ಕೆ ತಾನು ಪ್ರತಿ 10 ನಿಮಿಷಕ್ಕೊಮ್ಮೆ ನಿಮ್ಮ ಬರಹದ ಒಂದು ನಕಲನ್ನು ಮೂಲೆಯಲ್ಲಿ ತೆಗೆದಿಡುತ್ತದೆ. ಇದಕ್ಕೆ ಆಟೋರಿಕವರ್ ಎಂದು ಹೆಸರು. ಕಂಪ್ಯೂಟರಿನವರು ಆ ಏರ್ಪಾಡನ್ನು ಬಂದ್ ಮಾಡಿರದಿದ್ದರೆ, ನೀವು ಒಂದು ತಾಸು ಬರೆದಿದ್ದರೆ, ಹೆಚ್ಚೆಂದರೆ ಕೊನೆಯ 10 ನಿಮಿಷದ್ದು ಹೋಗಿರುತ್ತದೆ. ಉಳಿದದ್ದು ಎಲ್ಲೋ ಇದೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ಏನೂ ಮಾಡದಿರುವುದು. ಸಿಟ್ಟಿನಲ್ಲಿ ಗುಂಡಿಗಳನ್ನು ಒತ್ತಬೇಡಿ, ಹೊಸ ಸಾಫ್ಟ್‌ವೇರ್ ಹಾಕಿಸಬೇಡಿ. ಮುಖ್ಯವಾಗಿ, "ವಿಂಡೋಸ್ ಹೊಸದಾಗಿ ಹಾಕಿದರೆ ಎಲ್ಲ ಸರಿಹೋಗುತ್ತದೆ" ಎನ್ನುವ ಬುದ್ಧಿವಂತನಿಗೆ ಕುರ್ಚಿ ಬಿಟ್ಟುಕೊಡಬೇಡಿ. ಹೊಸದಾಗಿ ಬಂದು ಕೂರುವ ಪ್ರತಿಯೊಂದು ಫೈಲೂ ಹಳೆಯದು ಇದ್ದ ಜಾಗವನ್ನು ಆಕ್ರಮಿಸಬಹುದು. ಎಷ್ಟೋ ಬರಹಗಳು ಕರೆಂಟಿನಿಂದ ಸಾಯುವುದಿಲ್ಲ, ಆಮೇಲಿನ ಉಪಚಾರದಿಂದ ಸಾಯುತ್ತವೆ.

ಈಗ ಸಂದರ್ಭಗಳನ್ನು ನೋಡೋಣ. ಕರೆಂಟ್ ಹೋಗಿ ಬಂದ ಮೇಲೆ ಅಥವಾ ವರ್ಡ್ ತಾನಾಗಿಯೇ ನಿಂತುಹೋದ ಮೇಲೆ ಮತ್ತೆ ವರ್ಡ್ ತೆರೆದರೆ, ಸಾಮಾನ್ಯವಾಗಿ ಎಡಗಡೆ 'ಡಾಕ್ಯುಮೆಂಟ್ ರಿಕವರಿ' ಎಂಬ ಪಟ್ಟಿ ಕಾಣುತ್ತದೆ. ಅದರಲ್ಲಿ ಫೈಲಿನ ಹೆಸರು, ಯಾವ ಹೊತ್ತಿನ ನಕಲು ಎಂಬುದು ಇರುತ್ತದೆ. ಒಂದಕ್ಕಿಂತ ಹೆಚ್ಚಿದ್ದರೆ ಪ್ರತಿಯೊಂದನ್ನೂ ತೆರೆದು ನೋಡಿ, ಹೆಚ್ಚು ಬರಹ ಇರುವುದನ್ನು ಹೊಸ ಹೆಸರಿನಲ್ಲಿ ಸೇವ್ ಮಾಡಿಕೊಳ್ಳಿ. ನೋಡದೆ ಆ ಪಟ್ಟಿಯನ್ನು ಮುಚ್ಚಬೇಡಿ. ಮುಚ್ಚಲು ಹೋದಾಗ ಅದು ಒಂದು ಪ್ರಶ್ನೆ ಕೇಳಬಹುದು: ಈ ಫೈಲುಗಳನ್ನು ಆಮೇಲೆ ನೋಡುತ್ತೀರಾ ಅಥವಾ ತೆಗೆದುಹಾಕಲೇ? ಅವಸರದಲ್ಲಿ 'ನೋ' ಎಂದರೆ ಕಾದಿಟ್ಟ ನಕಲನ್ನೂ ನಾವೇ ಕೈಯಾರೆ ಕಸಕ್ಕೆ ಹಾಕಿದಂತೆ.

ಎರಡನೆಯದು ಇನ್ನೂ ಸಾಮಾನ್ಯ. ವರ್ಡ್ ಮುಚ್ಚುವಾಗ "ಸೇವ್ ಮಾಡಬೇಕೇ?" ಎಂದು ಕೇಳುತ್ತದೆ. ನೀವೋ ಮನೆಯ ಮತ್ತೊಬ್ಬರೋ 'ಡೋಂಟ್ ಸೇವ್' ಒತ್ತಿಬಿಡುತ್ತಾರೆ. ಆಗಲೂ ಆಸೆ ಬಿಡಬೇಡಿ. 2010ರ ಹಾಗೂ ಅದರ ನಂತರದ ವರ್ಡ್ ಇದ್ದರೆ, 'ಫೈಲ್' ಒತ್ತಿ, 'ಇನ್ಫೋ'ಗೆ ಹೋಗಿ. ಅಲ್ಲಿ 'ಮ್ಯಾನೇಜ್ ಡಾಕ್ಯುಮೆಂಟ್' ಎಂಬ ಗುಂಡಿ ಇದೆ (2010ರದ್ದರಲ್ಲಿ 'ಮ್ಯಾನೇಜ್ ವರ್ಶನ್ಸ್' ಎಂದಿರುತ್ತದೆ). ಅದರೊಳಗೆ 'ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್' ಎಂದು ಸಿಗುತ್ತದೆ. ಅದನ್ನು ಒತ್ತಿದರೆ ಹೆಸರಿಡದೆ ಹೋದ ಬರಹಗಳ ಕೋಣೆಯ ಬಾಗಿಲು ತೆರೆದಂತೆ. ದಿನಾಂಕ, ಸಮಯ ನೋಡಿ ತೆರೆಯಿರಿ, ತಕ್ಷಣ 'ಸೇವ್ ಆಸ್' ಮಾಡಿ ಹೆಸರಿಡಿ. ಒಂದು ಷರತ್ತಿದೆ: ಈ ಕೋಣೆಯಲ್ಲಿ ಬರಹ 4 ದಿನ ಮಾತ್ರ ಇರುತ್ತದೆ, ಆಮೇಲೆ ವರ್ಡ್ ತಾನೇ ಗುಡಿಸಿಬಿಡುತ್ತದೆ. ಆದ್ದರಿಂದ "ಭಾನುವಾರ ಅಣ್ಣ ಬೆಂಗಳೂರಿನಿಂದ ಬಂದಾಗ ನೋಡಲಿ" ಎಂದು ಮುಂದೂಡಬೇಡಿ. ಈ ಮೂರು ಗುಂಡಿಗಳನ್ನು ಒತ್ತಲು ಅಣ್ಣನೇ ಬರಬೇಕಾಗಿಲ್ಲ.

ಫೈಲ್ ತೆರೆದೇ ಇದೆ, ಒಳಗಿನ ಬರಹ ಮಾತ್ರ ಮಾಯ! ತೊಡೆಯ ಮೇಲೆ ಕೂರಿಸಿಕೊಂಡ ಮಗು ಕೀಲಿಮಣೆಯ ಮೇಲೆ ಕೈ ಬಡಿದಾಗ ಇದು ನಡೆಯುತ್ತದೆ. ಇದಕ್ಕೆ ಮದ್ದು ಸುಲಭ: ಕಂಟ್ರೋಲ್ ಹಿಡಿದು ಝಡ್ ಒತ್ತಿ, ಬರಹ ವಾಪಸ್ ಬರುವತನಕ ಒತ್ತುತ್ತಾ ಹೋಗಿ. ನಡುವೆ ಸೇವ್ ಆಗಿದ್ದರೂ ಚಿಂತೆಯಿಲ್ಲ, ಫೈಲ್ ಮುಚ್ಚದಿದ್ದರೆ ಸಾಕು. ಮುಚ್ಚಿದರೆ ಈ ದಾರಿಯೂ ಮುಚ್ಚಿತು.

ಇನ್ನು ಕೆಲವು ಸಲ ಸೇವ್ ಆಗಿರುತ್ತದೆ, ಎಲ್ಲಿ ಎಂದು ಮಾತ್ರ ತಿಳಿಯುವುದಿಲ್ಲ. ಇ-ಮೇಲಿನಲ್ಲಿ ಬಂದ ಅರ್ಜಿಯನ್ನು ಅಲ್ಲಿಂದಲೇ ತೆರೆದು, ತುಂಬಿ, ಸೇವ್ ಒತ್ತಿ ಮುಚ್ಚುತ್ತೇವೆ. ಅದು ಹೋಗಿ ಯಾವುದೋ ತಾತ್ಕಾಲಿಕ ಫೋಲ್ಡರಿನಲ್ಲಿ ಕೂತಿರುತ್ತದೆ. ವರ್ಡಿನ 'ಫೈಲ್', 'ಓಪನ್', 'ರೀಸೆಂಟ್' ಪಟ್ಟಿಯಲ್ಲಿ ನೋಡಿದರೆ ಹೆಚ್ಚಿನ ಸಲ ಸಿಗುತ್ತದೆ.

ಇವೆಲ್ಲ ಬರೀ ಗುಂಡಿಗಳ ಲೆಕ್ಕವಾಯಿತು. ನಿಜವಾಗಿ ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದು ಸಂಗತಿ ಹೇಳುತ್ತೇನೆ.

ದೇವದುರ್ಗದ ಒಬ್ಬ ಹುಡುಗಿ, ಹಿಂದೆ ನನ್ನ ಬಳಿ ಓದಿದವಳು, ಪದವಿಯ ಕೊನೆಯ ವರ್ಷದಲ್ಲಿ ಒಂದು ಕಿರುಪ್ರಬಂಧ ಬರೆಯುತ್ತಿದ್ದಳು. ವಿಷಯವನ್ನು ಅವಳೇ ಆರಿಸಿದ್ದಳು: ತನ್ನ ನಾನಿ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ದಖನಿ ಹಾಡುಗಳು. ನಮ್ಮ ಕಡೆ ಈ ಹಾಡುಗಳಿಗೆ ದೊಡ್ಡ ಇತಿಹಾಸವಿದೆ. ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ಬೀಸುವ ಹೆಂಗಸರಿಗಾಗಿ ಚಕ್ಕಿನಾಮಾ, ನೂಲುವವರಿಗಾಗಿ ಚರಖಾನಾಮಾ ಎಂಬ ಹಾಡುಗಳು ದಖನಿಯಲ್ಲಿ ಹುಟ್ಟಿದ್ದವು. ಇತಿಹಾಸಕಾರ ರಿಚರ್ಡ್ ಈಟನ್ ಅವರು 1978ರಲ್ಲಿ ಬಂದ ಬಿಜಾಪುರದ ಸೂಫಿಗಳ ಕುರಿತ ತಮ್ಮ ಪುಸ್ತಕದಲ್ಲಿ ಇವುಗಳ ಬಗ್ಗೆ ಬರೆದಿದ್ದಾರೆ. ಪುಸ್ತಕ ಓದದ ನಮ್ಮ ಅಜ್ಜಿಯರಿಗೆ ಹಾಡು ಬರುತ್ತಿತ್ತು, ಪುಸ್ತಕ ಓದುವ ನಮಗೆ ಬರುವುದಿಲ್ಲ. ಆ ಹುಡುಗಿಯ ನಾನಿ ಹೇಳುತ್ತಾ ಹೋದರು, ಇವಳು ಸಿಕ್ಕ ಚೀಟಿಗಳ ಮೇಲೆಲ್ಲ ಗೀಚಿಕೊಂಡಳು. ಟೈಪ್ ಮಾಡಲು ಮಾನ್ವಿಯಲ್ಲಿರುವ ಮಾಮುವಿನ ಜೆರಾಕ್ಸ್ ಅಂಗಡಿಗೆ ರಜೆಯಲ್ಲಿ ಹೋಗುತ್ತಿದ್ದಳು. ಟೈಪ್ ಆದ ಚೀಟಿಗಳನ್ನು ಹರಿದು ಹಾಕುತ್ತಿದ್ದಳು. ಆ ನಡುವೆ ನಾನಿಯವರು ತೀರಿಹೋದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಒಂದು ಮಧ್ಯಾಹ್ನ ಮಾನ್ವಿಯಿಂದ ಫೋನ್ ಬಂತು. "ಆಪಾ, ಎಲ್ಲ ಹೋಯಿತು" ಎಂದಳು, ಆಮೇಲೆ ಅಳು. ಹಿಂದಿನ ದಿನಗಳ ಫೈಲ್ ಇತ್ತು, ಆದರೆ ಆ ದಿನ ಕೊನೆಯ ಕಂತನ್ನು ಹೊಸ ಪುಟದಲ್ಲಿ ಶುರುಮಾಡಿ, ಹೆಸರಿಡದೆ ಎರಡು ತಾಸು ಹೊಡೆದಿದ್ದಳು. ಕರೆಂಟ್ ಹೋಯಿತು. ಬಂದ ಮೇಲೆ ಅಂಗಡಿಯ ಹುಡುಗ ಯಾರದೋ ಕರಾರುಪತ್ರ ಪ್ರಿಂಟ್ ತೆಗೆಯಲು ವರ್ಡ್ ತೆರೆದ. ಎಡಗಡೆ ಬಂದ ಪಟ್ಟಿಯನ್ನು ಅಡ್ಡಿಯೆಂದು ಮುಚ್ಚಿದ. ಆಮೇಲೆ ಅವನ ಸಲಹೆ: "ಸಿಸ್ಟಂ ಹಳೆಯದಾಗಿದೆ ಅಕ್ಕಾ, ಫಾರ್ಮ್ಯಾಟ್ ಹೊಡೆದುಬಿಡೋಣ."

ನಾನು ಹೇಳಿದೆ: "ಅಳು ಆಮೇಲೆ. ಮೊದಲು ಆ ಹುಡುಗನ ಕೈಯಿಂದ ಮೌಸ್ ತೆಗೆದುಕೋ. ಪಟ್ಟಿ ಮುಚ್ಚುವಾಗ ಏನು ಒತ್ತಿದ ಎಂದು ಕೇಳು." ಪುಣ್ಯಕ್ಕೆ, ಆಮೇಲೆ ನೋಡುತ್ತೇನೆ ಎಂಬುದನ್ನು ಒತ್ತಿದ್ದ. ಅಂದರೆ ನಕಲು ಡಿಸ್ಕಿನಲ್ಲೇ ಇದೆ. ಅದು ಇರುವ 'ಆಪ್‌ಡೇಟಾ' ಎಂಬ ಫೋಲ್ಡರನ್ನು ವಿಂಡೋಸ್ ಸಾಮಾನ್ಯವಾಗಿ ಬಚ್ಚಿಡುತ್ತದೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಫೋಲ್ಡರಿನ 'ವ್ಯೂ'ಗೆ ಸಂಬಂಧಿಸಿದ ಆಯ್ಕೆಗಳಲ್ಲಿ ಅಡಗಿದ ಫೈಲುಗಳನ್ನು ತೋರಿಸು ಎಂದು ಗುರುತು ಹಾಕಿಸಿದೆ. ಆಮೇಲೆ ಸಿ ಡ್ರೈವಿನ ಹುಡುಕುವ ಜಾಗದಲ್ಲಿ ನಕ್ಷತ್ರದ ಗುರುತು, ಒಂದು ಚುಕ್ಕೆ, ಮುಂದೆ ಎ ಎಸ್ ಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಹೊಡೆಯಲು ಹೇಳಿದೆ. ಆಟೋರಿಕವರ್ ನಕಲುಗಳ ಬಾಲ ಈ ಮೂರಕ್ಷರ. ಐದಾರು ಫೈಲುಗಳು ಬಂದವು. ಒಂದರ ಸಮಯ ಸರಿಯಾಗಿ ಕರೆಂಟ್ ಹೋಗುವ ಕೆಲವೇ ನಿಮಿಷ ಮೊದಲಿನದು.

ಇಲ್ಲಿ ಒಂದು ಮಾತು. ಹುಡುಕುವಾಗ ಅಲೆಯ ಗುರುತು ಮತ್ತು ಡಾಲರ್ ಗುರುತಿನಿಂದ ಶುರುವಾಗುವ ಸಣ್ಣ ಫೈಲುಗಳೂ ಕಾಣುತ್ತವೆ. ಅವುಗಳ ಗಾತ್ರ 162 ಬೈಟ್ ಇರುತ್ತದೆ. ಅದರಲ್ಲಿ ಫೈಲನ್ನು ಯಾರು ತೆರೆದಿದ್ದಾರೆ ಎಂಬ ಗುರುತಷ್ಟೇ ಇರುತ್ತದೆ, ನಿಮ್ಮ ಬರಹ ಇರುವುದಿಲ್ಲ. ಅದನ್ನು ತೆರೆದು ಏನೂ ಇಲ್ಲವೆಂದು ನಿರಾಶರಾಗಬೇಡಿ.

ಅಂಗಡಿ ಮುಚ್ಚುವ ಹೊತ್ತಾಗಿತ್ತು. ಆ ಎಲ್ಲ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಹೋಗಲು ಹೇಳಿದೆ. ಮೂಲವನ್ನು ಮುಟ್ಟದೆ ನಕಲಿನ ಮೇಲೆ ಕೆಲಸ ಮಾಡುವುದು ಯಾವಾಗಲೂ ಕ್ಷೇಮ. ರಾತ್ರಿ ದೇವದುರ್ಗದಿಂದ ಮತ್ತೆ ಫೋನ್. ಅಣ್ಣನ ಲ್ಯಾಪ್‌ಟಾಪಿನಲ್ಲಿ, ಮೇಲೆ ಹೇಳಿದ 'ರಿಕವರ್ ಅನ್‌ಸೇವ್ಡ್' ಕಿಟಕಿಯಿಂದಲೇ ಪೆನ್‌ಡ್ರೈವಿನ ಫೈಲನ್ನು ತೆರೆದಿದ್ದಾಳೆ. ಫೈಲ್ ತೆರೆಯಿತು. ಆದರೆ ಒಳಗೆ ಒಂದಕ್ಷರ ಕನ್ನಡವಿಲ್ಲ! ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳು, ನಡುವೆ ಬ್ರಿಟನ್ನಿನ ಪೌಂಡ್ ಗುರುತು, ಜಪಾನಿನ ಯೆನ್ ಗುರುತು. ಅಣ್ಣ ತೀರ್ಪು ಕೊಟ್ಟಾಗಿತ್ತು: "ವೈರಸ್ ತಿಂದಿದೆ, ಡಿಲೀಟ್ ಮಾಡು."

ಸಹೋದರಿಯರೇ, ಈ ಜಾಗದಲ್ಲಿ ಸ್ವಲ್ಪ ನಿಲ್ಲಿ. ಹೀಗೆ ಡಿಲೀಟ್ ಆದ ಕನ್ನಡ ಬರಹಗಳು ಎಷ್ಟಿರಬಹುದೋ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಕಷ್ಟವಿಲ್ಲ, ಅವರ ಪುಸ್ತಕಗಳಲ್ಲಿ ಇದರ ಮದ್ದೂ ಇರುವುದಿಲ್ಲ.

ನಮ್ಮ ಕಡೆಯ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಕನ್ನಡ ಟೈಪ್ ಮಾಡುವುದು ಹೆಚ್ಚಾಗಿ 'ನುಡಿ'ಯಲ್ಲಿ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ್ದು, ಅದರ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಅದಕ್ಕೂ ಮೊದಲು, 1998ರಲ್ಲಿ, ಶೇಷಾದ್ರಿವಾಸು ಅವರ 'ಬರಹ' ಬಂದಿತ್ತು. ಇವುಗಳ ಹಳೆಯ ಪದ್ಧತಿಯಲ್ಲಿ ಕಂಪ್ಯೂಟರಿನ ಒಳಗೆ ಕನ್ನಡ ಅಕ್ಷರ ಇರುವುದೇ ಇಲ್ಲ. ಒಳಗೆ ಇರುವುದು ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳು, ಗುರುತುಗಳು. ಅವುಗಳ ಮೇಲೆ ನುಡಿ ಫಾಂಟ್ ಎಂಬ ಕನ್ನಡ ಮುಸುಕು ಹಾಕಿರುತ್ತಾರೆ. ಒಳಗೆ ಪೌಂಡ್ ಗುರುತು ಇದ್ದರೆ ಹೊರಗೆ 'ನ' ಕಾಣುತ್ತದೆ. ಯೆನ್ ಗುರುತು ಇದ್ದರೆ 'ಪ'. ಇಂಗ್ಲಿಷಿನ ದೊಡ್ಡ 'ಪಿ' ಇದ್ದರೆ 'ಕ'. ಮುಸುಕು ಸರಿದರೆ, ಅಂದರೆ ಆ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇಲ್ಲದಿದ್ದರೆ, ಒಳಗಿನ ಗುರುತುಗಳು ಹಾಗೇ ಕಾಣುತ್ತವೆ. ಬರಹ ಕೆಟ್ಟಿಲ್ಲ, ಒಂದಕ್ಷರವೂ ಹೋಗಿಲ್ಲ. ಅಣ್ಣನ ಲ್ಯಾಪ್‌ಟಾಪಿನಲ್ಲಿ ನುಡಿ ಇರಲಿಲ್ಲ, ಅಷ್ಟೇ.

ಇದನ್ನು ಪರೀಕ್ಷಿಸುವುದು ಹೇಗೆ? ಆ ವಿಚಿತ್ರ ಅಕ್ಷರಗಳ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಮೇಲೆ ಫಾಂಟಿನ ಹೆಸರು ತೋರಿಸುವ ಚೌಕದಲ್ಲಿ ನೋಡಿ. ಅಲ್ಲಿ 'ನುಡಿ 01 ಇ' ಅಂತಲೋ 'ಬಿ.ಆರ್.ಎಚ್. ಕನ್ನಡ' ಅಂತಲೋ ಇಂಗ್ಲಿಷಿನಲ್ಲಿ ಬರೆದಿದ್ದರೆ ಅಲ್‌ಹಮ್ದುಲಿಲ್ಲಾಹ್ ಎನ್ನಿ. ನುಡಿಯನ್ನು ಆ ಕಂಪ್ಯೂಟರಿಗೆ ಹಾಕಿ ಮತ್ತೆ ತೆರೆದರೆ ಕನ್ನಡ ಬಂದು ನಿಲ್ಲುತ್ತದೆ. ಫೈಲ್ ಬಹಳ ಜಖಂ ಆಗಿ ವರ್ಡ್ ತೆರೆಯಲು ಒಪ್ಪದಿದ್ದರೆ ಕೊನೆಯ ಉಪಾಯವೊಂದಿದೆ. 'ಓಪನ್' ಕಿಟಕಿಯಲ್ಲಿ ಫೈಲಿನ ಬಗೆಯನ್ನು ಆರಿಸುವ ಪಟ್ಟಿಯಿದೆ, ಅದರಲ್ಲಿ 'ರಿಕವರ್ ಟೆಕ್ಸ್ಟ್ ಫ್ರಂ ಎನಿ ಫೈಲ್' ಎಂಬುದನ್ನು ಆರಿಸಿ ತೆರೆಯುವುದು. ಇದು ಚಿತ್ರ, ಕೋಷ್ಟಕ, ಫಾಂಟ್ ಎಲ್ಲವನ್ನೂ ಬಿಟ್ಟು ಬರೀ ಬರಹವನ್ನು ಹೆಕ್ಕಿ ತರುತ್ತದೆ. ಫಾಂಟ್ ಬಿಟ್ಟುಹೋಗುವುದರಿಂದ ನುಡಿಯ ಬರಹ ಇಲ್ಲಿಯೂ ಟೋಪಿ ಅಕ್ಷರಗಳಾಗಿಯೇ ಬರುತ್ತದೆ, ಫಾಂಟಿನ ಚೌಕದಲ್ಲಿ ನುಡಿಯ ಹೆಸರೂ ಇರುವುದಿಲ್ಲ. ಆಗ ಎಲ್ಲವನ್ನೂ ಆರಿಸಿ ನಾವೇ ನುಡಿ ಫಾಂಟ್ ಕೊಡಬೇಕು. ನಡುವೆ ಬಂದ ಇಂಗ್ಲಿಷ್ ಮಾತುಗಳು ಆಗ ಅರ್ಥವಿಲ್ಲದ ಕನ್ನಡವಾಗುತ್ತವೆ. ಅವನ್ನು ಒಂದೊಂದಾಗಿ ಸರಿಪಡಿಸಿಕೊಳ್ಳಿ.

ದೇವದುರ್ಗದ ಹುಡುಗಿ ಮರುದಿನ ನುಡಿ ಹಾಕಿಸಿಕೊಂಡಳು. ನಾನಿಯ ಹಾಡುಗಳು ಒಂದೊಂದಾಗಿ ಪರದೆಯ ಮೇಲೆ ಬಂದವು. ಆದರೆ ಕೊನೆಯ ಕೆಲವು ನಿಮಿಷದ್ದು ಇರಲಿಲ್ಲ, ಅಂದರೆ ಎರಡು ಹಾಡು. ಚೀಟಿಗಳನ್ನು ಹರಿದಾಗಿತ್ತು. ಒಂದನ್ನು ಅವಳ ಖಾಲಾ ನೆನಪು ಮಾಡಿಕೊಂಡು ಪೂರ್ತಿ ಮಾಡಿದರು. ಇನ್ನೊಂದರ ನಡುವಿನ ಸಾಲುಗಳು ಯಾರಿಗೂ ಬರಲಿಲ್ಲ. ಅವಳು ಅಲ್ಲಿ ಜಾಗ ಖಾಲಿ ಬಿಟ್ಟು, ಖಾಲಿ ಬಿಡಲು ಕಾರಣವನ್ನೂ ಬರೆದು ಪ್ರಬಂಧ ಒಪ್ಪಿಸಿದಳು. ತನ್ನ ಕಡೆಯಿಂದ ಏನಾದರೂ ಸೇರಿಸಿ ತುಂಬಿಸಲಿಲ್ಲ. ಆ ಪ್ರಾಮಾಣಿಕತೆ ನನಗೆ ಹಾಡುಗಳಷ್ಟೇ ಹಿಡಿಸಿತು.

ಹೊಸದಾಗಿ ಬರೆಯಲು ಶುರುಮಾಡುವವರು ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗಲೇ 'ತುಂಗಾ' ಎಂಬ ಯೂನಿಕೋಡ್ ಕನ್ನಡ ಫಾಂಟ್ ಅದರ ಜೊತೆ ಬಂದಿತ್ತು. ಈಗಿನ ನುಡಿಯಲ್ಲೂ ಯೂನಿಕೋಡ್ ಆಯ್ಕೆ ಇದೆ. ಯೂನಿಕೋಡಿನಲ್ಲಿ ಒಳಗೂ ಕನ್ನಡವೇ ಇರುವುದರಿಂದ ಯಾವ ಕಂಪ್ಯೂಟರಿಗೆ ಹೋದರೂ, ಮೊಬೈಲಿಗೆ ಹೋದರೂ ಓದಲು ಬರುತ್ತದೆ. ಉರ್ದುವಿನಲ್ಲಿ ಲಗ್ನಪತ್ರಿಕೆ, ಮದ್ರಸಾದ ಪ್ರಶ್ನೆಪತ್ರಿಕೆ ಇತ್ಯಾದಿ ಇನ್‌ಪೇಜ್‌ನಲ್ಲಿ ಮಾಡುವವರು ಗಮನಿಸಿ: ಮೇಲೆ ಹೇಳಿದ ಉಪಾಯಗಳು ವರ್ಡಿನವು. ಇನ್‌ಪೇಜ್ ಫೈಲನ್ನು ಅಲ್ಲಿ ಹುಡುಕಿ ಹೊತ್ತು ಕಳೆಯಬೇಡಿ.

ಕಾಲೇಜಿನ ಲ್ಯಾಬಿನಲ್ಲೋ ಇಂಟರ್‌ನೆಟ್ ಅಂಗಡಿಯಲ್ಲೋ ಬರೆಯುವವರಿಗೆ ಬೇರೆಯೇ ಎಚ್ಚರಿಕೆ ಬೇಕು. ಅಂಥ ಕೆಲವು ಕಡೆ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಆ ದಿನ ಹೊಸದಾಗಿ ಸೇರಿದ್ದೆಲ್ಲ ಅಳಿಸಿಹೋಗುವಂತೆ ಏರ್ಪಾಡು ಮಾಡಿರುತ್ತಾರೆ. ವೈರಸ್ ಬರದಿರಲಿ ಎಂದು ಮಾಡಿದ್ದು, ನಮ್ಮ ಬರಹಕ್ಕೆ ಮೃತ್ಯು. ಅಲ್ಲಿ ಏನಾದರೂ ಕಳೆದರೆ ರೀಸ್ಟಾರ್ಟ್ ಮಾಡುವ ಮೊದಲೇ ಹುಡುಕಬೇಕು. ನಾಲ್ಕು ದಿನದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮನೆಗೆ ಹೊರಡುವ ಮುನ್ನ, ಸಿಕ್ಕಿದ ನಿಮ್ಮ ಫೈಲನ್ನು ಅಲ್ಲಿಂದ ಅಳಿಸಿ ಬನ್ನಿ. ಹೆಣ್ಣುಮಕ್ಕಳ ಹೆಸರು, ವಿಳಾಸ, ಫೋಟೊ ಇರುವ ಅರ್ಜಿಗಳು ಕಂಡವರ ಕಂಪ್ಯೂಟರಿನಲ್ಲಿ ಉಳಿಯುವುದು ಒಳ್ಳೆಯದಲ್ಲ.

ಎಲ್ಲ ಹುಡುಕಿಯೂ ಸಿಗದಿದ್ದರೆ? ಹಾಗೂ ಆಗುತ್ತದೆ. ಬರೆಯಲು ಶುರುಮಾಡಿ ಐದೇ ನಿಮಿಷ ಆಗಿದ್ದರೆ ವರ್ಡ್ ಇನ್ನೂ ಒಂದು ನಕಲನ್ನೂ ತೆಗೆದಿರುವುದಿಲ್ಲ. ಆಗ ಮಲಗುವ ಮುನ್ನ, ಅದೇ ರಾತ್ರಿ, ಕಾಗದದ ಮೇಲೆ ನೆನಪಿದ್ದಷ್ಟನ್ನು ಕ್ರಮವಿಲ್ಲದೆಯೇ ಗೀಚಿಕೊಳ್ಳಿ. ಬೆಳಗಾದರೆ ಅರ್ಧ ಮರೆತಿರುತ್ತದೆ.

ಮದ್ರಸಾದಲ್ಲಿ ನಮ್ಮ ಉಸ್ತಾದರು ಇಮಾಮ್ ಗಝ್ಝಾಲಿಯವರ ಒಂದು ಪ್ರಸಂಗ ಹೇಳುತ್ತಿದ್ದರು. ಶಾಫಿಈ ವಿದ್ವಾಂಸರ ಜೀವನಚರಿತ್ರೆ ಬರೆದ ತಾಜುದ್ದೀನ್ ಸುಬ್ಕಿಯವರು ಅದನ್ನು ದಾಖಲಿಸಿದ್ದಾರೆ. ಇಮಾಮರು ಆಗಿನ್ನೂ ಯುವಕ. ಜುರ್ಜಾನ್ ಎಂಬಲ್ಲಿ ಗುರುಗಳ ಪಾಠಗಳನ್ನು ಬರೆದುಕೊಂಡು ತಮ್ಮೂರು ತೂಸ್‌ಗೆ ಹೊರಟಿದ್ದರು. ದಾರಿಯಲ್ಲಿ ದರೋಡೆಕೋರರು ಎಲ್ಲ ಕಿತ್ತುಕೊಂಡರು. ಇವರು ಅವರ ಹಿಂದೆಯೇ ಹೋಗಿ, ನಿಮಗೆ ಉಪಯೋಗವಿಲ್ಲದ ನನ್ನ ಟಿಪ್ಪಣಿಗಳನ್ನಾದರೂ ಕೊಡಿ ಎಂದು ಬೇಡಿದರು. ನಾಯಕ ನಕ್ಕುಬಿಟ್ಟ. ಚೀಲ ಹೋದರೆ ಹೋಗುವ ವಿದ್ಯೆಯನ್ನು ಕಲಿತೆ ಎಂದು ಹೇಗೆ ಹೇಳುತ್ತೀ ಎಂದು ಹಂಗಿಸಿ, ಚೀಲ ವಾಪಸ್ ಕೊಡಿಸಿದ. ಊರಿಗೆ ಬಂದು ಇಮಾಮರು ಮೂರು ವರ್ಷ ಕುಳಿತು ಅಷ್ಟನ್ನೂ ಬಾಯಿಪಾಠ ಮಾಡಿದರು. ಉಸ್ತಾದರು ಈ ಕಥೆಯನ್ನು ಹೇಳುತ್ತಿದ್ದುದು ನಾವು ಪಾಠ ಕಂಠಸ್ಥ ಮಾಡಲಿ ಎಂದು. ನನಗೆ ಈಗ ಕಾಣುವುದು ಬೇರೆ. ಜೀವಭಯವಿದ್ದರೂ ಆ ಯುವಕ ತನ್ನ ಬರಹದ ಚೀಲಕ್ಕಾಗಿ ಕಳ್ಳರ ಹಿಂದೆ ಹೋದರಲ್ಲ! ಹೋಗಲಿ ಬಿಡು, ಮತ್ತೆ ಬರೆದರಾಯಿತು ಎನ್ನಲಿಲ್ಲ. ಹೋಗಿ ಕೇಳಿದ್ದಕ್ಕೇ ಸಿಕ್ಕಿತು.

ಇನ್ನು ಮುಂದೆ ಹೀಗಾಗದಿರಲು ಮಾಡಬೇಕಾದ್ದು ಹೆಚ್ಚಿಲ್ಲ. ಮೊದಲ ಸಾಲು ಬರೆಯುವ ಮುನ್ನವೇ ಫೈಲಿಗೆ ಹೆಸರಿಡಿ, ಕೂಸು ಹುಟ್ಟುವ ಮುನ್ನ ಕುಲಾವಿ ಎಂದು ಯಾರಾದರೂ ನಕ್ಕರೆ ನಗಲಿ. ವರ್ಡಿನ 'ಫೈಲ್', 'ಆಪ್ಶನ್ಸ್', 'ಸೇವ್' ಎಂಬಲ್ಲಿಗೆ ಹೋಗಿ 10 ನಿಮಿಷ ಇರುವುದನ್ನು 1 ಅಥವಾ 2 ಮಾಡಿ. ಸೇವ್ ಮಾಡದೆ ಮುಚ್ಚಿದರೂ ಕೊನೆಯ ನಕಲನ್ನು ಇಟ್ಟುಕೋ ಎಂಬ ಅರ್ಥದ ಸಾಲು ಅಲ್ಲೇ ಕೆಳಗಿದೆ, ಅದರ ಮುಂದೆ ಸರಿ ಗುರುತು ಇದೆಯೇ ನೋಡಿ. ಅದಿಲ್ಲದಿದ್ದರೆ ನಾಲ್ಕು ದಿನದ ಕೋಣೆಯೇ ಖಾಲಿ. ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಬಳಸುವವರಿಗೂ ಇಂಥದೇ ವ್ಯವಸ್ಥೆ ಉಂಟು. ಕರೆಂಟ್ ಹೋಗಿ ಬಂದ ಮೇಲೆ ತೆರೆದರೆ ಅದೇ ಕೇಳುತ್ತದೆ. ಆದರೆ ನೀವಾಗಿಯೇ ಸೇವ್ ಬೇಡವೆಂದು ಮುಚ್ಚಿದ್ದನ್ನು ಅದು ಇಟ್ಟುಕೊಳ್ಳುವುದಿಲ್ಲ. ಮೊಬೈಲಿನಲ್ಲಿ ಗೂಗಲ್ ಡಾಕ್ಸ್‌ನಲ್ಲಿ ಬರೆಯುವವರಿಗೆ ಸೇವ್ ಗುಂಡಿಯ ಗೋಜೇ ಇಲ್ಲ, ಅದು ಬರೆದಂತೆಲ್ಲ ಉಳಿಸುತ್ತಾ ಹೋಗುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದೆ, ಆದರೂ ಕರೆಂಟ್ ಹೋದರೆ ಕಂಪ್ಯೂಟರ್ ಆಫ್ ಆಗುತ್ತದೆ ಎಂದು ಹಲವರು ಹೇಳುತ್ತಾರೆ. ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಆ ಚಿಟಿಕೆಯಷ್ಟು ಹೊತ್ತನ್ನು ಫ್ಯಾನ್, ಬಲ್ಬು ತಡೆದುಕೊಳ್ಳುತ್ತವೆ, ಕಂಪ್ಯೂಟರ್ ತಡೆದುಕೊಳ್ಳುವುದಿಲ್ಲ. ಬಹಳಷ್ಟು ಇನ್ವರ್ಟರುಗಳ ಮೇಲೆ 'ಯು.ಪಿ.ಎಸ್.' ಎಂದು ಬರೆದ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಆ ಕಡೆಗೆ ಹಾಕಿದರೆ ಬದಲಾವಣೆ ಬೇಗ ಆಗಿ ಕಂಪ್ಯೂಟರ್ ನಿಲ್ಲುವುದಿಲ್ಲ. ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ತಂದ ದಿನದಿಂದ ಆ ಸ್ವಿಚ್ಚನ್ನು ಯಾರೂ ಮುಟ್ಟಿಲ್ಲ. ಇವತ್ತು ಗುಡಿಸುವಾಗ ಒಮ್ಮೆ ಬಗ್ಗಿ ನೋಡಿ.